ಬಂದು ವಾಪಸ್ ಹೋದವ್ರ ಲೆಕ್ಕ ಯಾರ ಹತ್ರ ಅದ?

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಜಿಲ್ಲಾ ಪುಟದಾಗ ಒಂದು ಸುದ್ದಿ ಬಂದಿತ್ತು, ಸರ್ಕಾರಿ ದವಾಖಾನಿಗೆ ಬರೋ ಹೊರರೋಗಿಗಳ ಸಂಖ್ಯೆ ಹೋದ ವರ್ಷಕ್ಕಿಂತ ಏರ್ಯದ, ಜನರಿಗೆ ನಂಬಿಕಿ ಬಂದದ ಅಂತ ಅಧಿಕಾರಿಗಳು ಹೇಳ್ಯಾರ ಅಂತ. ಸುದ್ದಿ ಸುಳ್ಳು ಅಂತ ನಾ ಹೇಳಂಗಿಲ್ಲ, ಏರಿರಬಹುದು, ಏರ್ಲಿ. ಆದ್ರ ಆ ಸಂಖ್ಯೆ ಪಕ್ಕದಾಗ ಇನ್ನೊಂದು ಸಂಖ್ಯೆ ಇರಬೇಕಿತ್ತು, ದವಾಖಾನಿಗೆ ಬಂದು ಚಿಕಿತ್ಸೆ ಸಿಗದೇ ವಾಪಸ್ ಹೋದವ್ರದ್ದು, ಅದು ನಿಮ್ಮ ವರದಿಗಾರರಿಗೆ ಸಿಕ್ಕಿಲ್ಲ, ಏಳು ತಿಂಗಳಿಂದ ಹುಡುಕ್ತಿರೋ ನಂಗೂ ಸಿಕ್ಕಿಲ್ಲ. ಪತ್ರ ಸ್ವಲ್ಪ ಉದ್ದ ಆಗ್ಯದ, ಕತ್ತರಿ ಹಾಕೋದಿದ್ರ ಮೊದಲಿನ ಭಾಗಕ್ಕ ಹಾಕ್ರಿ, ಕೊನಿ ಭಾಗಕ್ಕ ಬ್ಯಾಡ.

ನಾನು ಸಿಂಧನೂರು ತಾಲೂಕಿನ ಒಂದು ಹಳ್ಳಿಯಾಕಿ, ಎಂ.ಎ. ಕೊನಿ ವರ್ಷ. ಪರೀಕ್ಷೆ ಜೊತಿಗೆ ಒಂದು ರಿಸರ್ಚ್ ಪೇಪರ್ ಬರೆದು ಕೊಡಬೇಕು ಅಂತ ನಮ್ಗ ಅದ. ನಾ ತಗೊಂಡ ವಿಷಯ ಆರೋಗ್ಯ ನೀತಿ. ಮೊದಲ ಸಲ ಹೆಸರು ಬರಕೊಂಡು ಹೋದಾಗ "ಭಾರತದ ಆರೋಗ್ಯ ನೀತಿ, ಒಂದು ಅಧ್ಯಯನ" ಅಂತ ಇತ್ತು. ನಮ್ಮ ಗೈಡ್ ಮೇಡಂ ಅದನ್ನ ಓದಿ ಕನ್ನಡಕ ತೆಗೆದು, "ಇಷ್ಟು ದೊಡ್ಡ ಹೊಲ ಒಬ್ಬಾಕಿನೇ ಕಳೆ ತೆಗಿತೀಯೇನವ್ವ?" ಅಂದ್ರು. ಎರಡನೇ ಸಲ "ಕಲ್ಯಾಣ ಕರ್ನಾಟಕದಲ್ಲಿ ಆರೋಗ್ಯ ನೀತಿ" ಅಂತ ಮಾಡ್ಕೊಂಡು ಹೋದೆ, ಅದಕ್ಕೂ ತಲಿ ಅಲ್ಲಾಡಿಸಿದ್ರು. ಮೂರನೇ ಹೆಸರು ಆಮ್ಯಾಲ ಹೇಳ್ತೀನಿ.

ಓದೋದೇನು ಕಡಿಮಿ ಓದಿಲ್ರಿ. ಎಲ್ಲಾ ಮೊಬೈಲ್‌ದಾಗ, ಪಿಡಿಎಫ್ ದೊಡ್ಡದು ಮಾಡಿ ಸಣ್ಣದು ಮಾಡಿ, ರಾತ್ರಿ ಕರೆಂಟ್ ಇದ್ದಾಗ. 1943ರಾಗ ಬ್ರಿಟಿಷ್ ಸರ್ಕಾರ ಸರ್ ಜೋಸೆಫ್ ಭೋರ್ ಅನ್ನೋರ ಸಮಿತಿ ಮಾಡಿತ್ತು, 1946ಕ್ಕ ಅವ್ರು ವರದಿ ಕೊಟ್ರು, ಈಗ ನಾವು ಪಿ.ಎಚ್.ಸಿ. ಅಂತೀವಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರ, ಆ ಕಲ್ಪನೆ ಅಲ್ಲಿಂದ ಬಂದದ್ದು. ರೊಕ್ಕ ಕೊಡೋ ಶಕ್ತಿ ಇಲ್ಲ ಅನ್ನೋ ಕಾರಣಕ್ಕ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ ಆ ವರದಿ ಅಂದೇ ಹೇಳ್ಯದ. ದೇಶಕ್ಕ ಮೊದಲನೇ ರಾಷ್ಟ್ರೀಯ ಆರೋಗ್ಯ ನೀತಿ ಬಂದದ್ದು 1983ಕ್ಕ, ಆಮ್ಯಾಲ 2002, ಆಮ್ಯಾಲ 2017. ಈ 2017ರ ನೀತಿ 2025ರೊಳಗ ಸರ್ಕಾರದ ಆರೋಗ್ಯ ಖರ್ಚು ಜಿಡಿಪಿಯ ಶೇ 2.5ಕ್ಕ ಮುಟ್ಟಬೇಕು, ಅದ್ರಾಗೂ ಮೂರನೇ ಎರಡು ಪಾಲು ಇಲ್ಲಾ ಅದಕ್ಕಿಂತ ಹೆಚ್ಚು ಪ್ರಾಥಮಿಕ ಆರೋಗ್ಯಕ್ಕ ಹೋಗಬೇಕು ಅಂತ ಬರದದ. 2025 ಬಂದೂ ಹೋತು, ನಾ ಪೇಪರ್‌ದಾಗ ಆ ಸಾಲಿನ ಕ್ರಿಯಾಪದ ಭವಿಷ್ಯತ್ ಕಾಲದಿಂದ ಭೂತಕಾಲಕ್ಕ ತಿದ್ದಿದ್ದಷ್ಟೇ.

ರಾಜ್ಯದ್ದೂ ಓದಿದೆ. ಆರೋಗ್ಯ ಅನ್ನೋದು ಸಂವಿಧಾನದ ಏಳನೇ ಅನುಸೂಚಿಯೊಳಗ ರಾಜ್ಯ ಪಟ್ಟಿಯಾಗ ಅದ, ಅಂದ್ರ ದವಾಖಾನಿ ನಡಿಸೋ ಹೊಣಿ ಬೆಂಗಳೂರಿಂದು. 2001ರಾಗ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಕಾರ್ಯಪಡೆ ವರದಿ ಕೊಟ್ಟು ಉತ್ತರದ ಜಿಲ್ಲೆಗಳು ಆರೋಗ್ಯದಾಗ ಹಿಂದ ಬಿದ್ದಾವ ಅಂತ ಹೇಳ್ತು. 2002ರಾಗ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲೂಕುಗಳನ್ನ ಒಂದೊಂದಾಗಿ ತೂಗಿ ನೋಡಿ, ಅತಿ ಹಿಂದುಳಿದ 39 ತಾಲೂಕುಗಳೊಳಗ 21 ನಮ್ಮ ಕಲಬುರಗಿ ವಿಭಾಗದ್ದೇ ಅಂತ ತೋರಿಸ್ತು. ನಾ ಹುಟ್ಟೋಕಿಂತ ಮೊದ್ಲೇ ನಮ್ಮ ಕಡಿ ಹಣೆಬರಹ ಎರಡು ವರದಿಯಾಗ ಪ್ರಿಂಟ್ ಆಗಿ ಕುಂತಿತ್ತು ಅಂದಂಗಾತು. ಆಮ್ಯಾಲ ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ಕಲಂ ಬಂತು, ಹೈದರಾಬಾದ್ ಕರ್ನಾಟಕ ಹೋಗಿ 2019ಕ್ಕ ಕಲ್ಯಾಣ ಕರ್ನಾಟಕ ಆತು, ರಾಯಚೂರಿಗೆ ರಿಮ್ಸ್ ಮೆಡಿಕಲ್ ಕಾಲೇಜು 2007ಕ್ಕ, ಕೊಪ್ಪಳಕ್ಕ ಮೆಡಿಕಲ್ ಕಾಲೇಜು 2015ಕ್ಕ. ಬಳ್ಳಾರಿ ಮೆಡಿಕಲ್ ಕಾಲೇಜಂತೂ 1961ರದ್ದು. ಬಿಲ್ಡಿಂಗ್ ಇಲ್ಲ ಅಂತ ಬರಿಯಾಕ ಬರಂಗಿಲ್ಲ.

ಇಷ್ಟೆಲ್ಲಾ ಬರಕೊಂಡು ಹೋದ್ರ ಮೇಡಂ ಕೇಳಿದ್ದು ಒಂದೇ ಮಾತು, "ಇದ್ರಾಗ ನಿಂದೇನದ?"

ನಂದೇನದ ಅಂದ್ರ, ನಮ್ಮ ದೊಡ್ಡವ್ವ.

ದೊಡ್ಡವ್ವಗ ಎರಡು ವರ್ಷದ ಹಿಂದ ಮುಟ್ಟು ನಿಲ್ಲಲಾರದ ಹೋಗಿ ಹೊಟ್ಟಿ ನೋವು ಶುರು ಆತು. ಆಶಾ ಅಕ್ಕ ಬಂದು ಸರ್ಕಾರಿ ದವಾಖಾನಿಗೆ ಹೋಗ್ರಿ, ಕಾರ್ಡ್ ಅದ, ಎಲ್ಲಾ ಫ್ರೀ ಅಂತ ಹೇಳಿದ್ಲು. ಅಕಿ ಹೇಳಿದ್ದು ಖರೇನೇ. ಮೊದಲ ದಿನ ಹೋದಾಗ ಡಾಕ್ಟರ್ ಇರ್ಲಿಲ್ಲ. ಎರಡನೇ ಸಲ ಡಾಕ್ಟರ್ ಇದ್ರು, ಛಲೋ ನೋಡಿದ್ರು, ಸ್ಕ್ಯಾನಿಂಗ್ ಬರೆದು ದೊಡ್ಡ ದವಾಖಾನಿಗೆ ಕಳ್ಸಿದ್ರು, ಅಲ್ಲಿ ಮಷೀನ್ ಇತ್ತು, ಮಾಡೋ ಡಾಕ್ಟರ್ ಬರೋ ದಿನ ಅವತ್ತಲ್ಲ. ಮೂರನೇ ಸಲ ಅವ್ರು ಬರೋ ದಿನನೇ ನೋಡಿ ಹೋದ್ರು, ಹೊರಗ ಕುಂತವ್ರ ಸಾಲು ಮುಗಿಯೋದ್ರಾಗ ಟೈಮ್ ಮುಗೀತು, ಮುಂದಿನ ವಾರ ಬರ್ರಿ ಅಂದ್ರು. ನಾಲ್ಕನೇ ಸಲ ಹೋಗ್ಲಿಲ್ಲ. ಸಂಘದಾಗ ಸಾಲ ತಗೊಂಡು ಪ್ರೈವೇಟ್ ಸ್ಕ್ಯಾನಿಂಗ್ ಮಾಡಿಸಿ, ಆಪರೇಷನ್ನೂ ಪ್ರೈವೇಟ್‌ದಾಗೇ ಆತು. ಇವತ್ತಿಗೂ ವಾರ ವಾರ ಸಂಘಕ್ಕ ಕಟ್ಟಾಕತ್ಯಾಳ.

ನಾ ಆಗ ಸ್ಕ್ಯಾನಿಂಗ್ ಮಷೀನ್ ಇದ್ರೂ ಸಿಸ್ಟರ್‌ಗಳು ಯಾಕ ಮಾಡಂಗಿಲ್ಲ, ಸೊಕ್ಕೇನು ಅಂತ ಸಿಟ್ಟಾಗಿದ್ದೆ. ಓದಿದ ಮ್ಯಾಲ ಗೊತ್ತಾತು, 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಪ್ರಕಾರ ಆ ಮಷೀನ್ ನೋಂದಣಿ ಆಗಿರಬೇಕು, ಅರ್ಹತೆ ಇರೋ ಡಾಕ್ಟರ್ ಬಿಟ್ಟು ಬ್ಯಾರೆ ಯಾರೂ ಮುಟ್ಟಂಗಿಲ್ಲ. ಕಾಯ್ದೆ ಬೇಕಾದದ್ದೇ. ಆದ್ರ ಮಷೀನ್ ಕೊಟ್ಟು ಕೈ ಕೊಡದಿದ್ರ ಅದು ಬೀರು ಇದ್ದಂಗ.

ಈ ಮೂರು ಸಲದ ಲೆಕ್ಕ ಹಾಕ್ರಿ. ಹೆಣ್ಮಕ್ಕಳಿಗೆ 2023ರ ಜೂನ್‌ದಿಂದ ಬಸ್ ಫ್ರೀ, ಅದು ನಮ್ಮಂಥೋರಿಗೆ ದೊಡ್ಡ ಉಪಕಾರ, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮೂರಿಂದ ಮೇನ್ ರೋಡಿಗೆ ಟಂಟಂ, ಅದು ಫ್ರೀ ಇಲ್ಲ. ದೊಡ್ಡವ್ವ ಒಬ್ಬಾಕಿನೇ ಹೋಗಂಗಿಲ್ಲ, ಜೊತಿಗೆ ಮಗಳು. ಉದ್ಯೋಗ ಖಾತ್ರಿ ಕೂಲಿನೇ 2025-26ಕ್ಕ ದಿನಕ್ಕ 370 ರೂಪಾಯಿ, ಆ ರೇಟ್ ಹಿಡಿದ್ರೂ ಇಬ್ಬರು ಮೂರು ದಿನ ಕೂಲಿ ಮುರಕೊಂಡ್ರ 2,220 ರೂಪಾಯಿ, ಅದೂ ಒಂದು ಗುಳಿಗಿ ನುಂಗೋ ಮೊದ್ಲೇ. ಭತ್ತ ಹಚ್ಚೋ ಹಂಗಾಮಿನಾಗ, ಹತ್ತಿ ಬಿಡ್ಸೋ ಹಂಗಾಮಿನಾಗ ಇನ್ನೂ ಜಾಸ್ತಿ ಮುರೀತದ.

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಅಂತ ಕೇಂದ್ರ ಸರ್ಕಾರ ತೆಗೀತದ. ಅದ್ರ ಪ್ರಕಾರ ದೇಶದ ಒಟ್ಟು ಆರೋಗ್ಯ ಖರ್ಚಿನಾಗ ಜನ ಕೈಯಿಂದ ಹಾಕಿದ ರೊಕ್ಕ 2013-14ರಾಗ ಶೇ 64.2 ಇದ್ದದ್ದು 2021-22ಕ್ಕ ಶೇ 39.4ಕ್ಕ ಇಳಿದದ. ಇದು ಸಣ್ಣ ಸುಧಾರಣೆ ಅಲ್ಲ, ನಾ ಪೇಪರ್‌ದಾಗ ಹಂಗೇ ಬರೆದೀನಿ. ಆದ್ರ ದೊಡ್ಡವ್ವನ 2,220 ಆ ಶೇಕಡಾದೊಳಗ ಬರಂಗಿಲ್ಲ, ಮುರಿದ ಕೂಲಿ ಆರೋಗ್ಯದ ಖರ್ಚು ಅಂತ ಆ ಲೆಕ್ಕದಾಗ ಹಿಡಿಯಂಗಿಲ್ಲ.

ಹಿಂಗಾಗಿ ಮೂರನೇ ಹೆಸರು ಬಂತು: "ಬಂದು ವಾಪಸ್ ಹೋದವರು". ಮೇಡಂ ಈ ಸಲ ಕನ್ನಡಕ ತೆಗೀಲಿಲ್ಲ. "ಡೇಟಾ ಎಲ್ಲಿಂದ ತರ್ತೀ?" ಅಂದ್ರು ಅಷ್ಟೇ.

ಅಲ್ಲಿಂದ ಸುರು ಆತು ನೋಡ್ರಿ ನನ್ನ ತಿರುಗಾಟ. ಮೊದಲು ಮಾಹಿತಿ ಹಕ್ಕು ಅರ್ಜಿ ಹಾಕಿದೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ, ಮೂರು ಪುಟ ಬರೆದು. ಬರೋಬ್ಬರಿ 30 ದಿನಕ್ಕ ಉತ್ತರ ಬಂತು, ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು ಅಂತ. ಕರ್ನಾಟಕದ ನಿಯಮದಾಗ ಹಂಗೇ ಅದ ಖರೆ, ನಾ ನೋಡಿರ್ಲಿಲ್ಲ, ತಪ್ಪು ನಂದೇ. (ಅರ್ಜಿ ಹಾಕೋ ವಿದ್ಯಾರ್ಥಿಗಳು ಯಾರಾದ್ರೂ ಇದನ್ನ ಓದ್ತಿದ್ರ ಪದ ಎಣಿಸಿ ಹಾಕ್ರಿ, ಒಂದು ತಿಂಗಳು ಉಳೀತದ.) ಎರಡನೇ ಸಲ ಒಂದೇ ಪ್ರಶ್ನೆ ಕೇಳಿದೆ: ಹೋದ ವರ್ಷ ನಿಮ್ಮ ವ್ಯಾಪ್ತಿಯ ಕೇಂದ್ರಗಳಿಗೆ ಬಂದು ಡಾಕ್ಟರ್, ಪರೀಕ್ಷೆ ಇಲ್ಲಾ ಔಷಧ ಸಿಗದೇ ವಾಪಸ್ ಹೋದ ರೋಗಿಗಳು ಎಷ್ಟು? ಉತ್ತರ ಒಂದೇ ಸಾಲು: "ಕೋರಿದ ಮಾಹಿತಿಯು ಈ ಕಛೇರಿಯಲ್ಲಿ ಲಭ್ಯವಿರುವುದಿಲ್ಲ."

ಮುಚ್ಚಿಡಾಕತ್ತಾರ ಅಂತ ಮೊದಲ ಸಿಟ್ಟು ಬಂತು. ಆದ್ರ ಕುಂತು ವಿಚಾರ ಮಾಡಿದ್ರ ಅವ್ರು ಸುಳ್ಳು ಹೇಳಿಲ್ಲ. ಮಾಹಿತಿ ಹಕ್ಕು ಕಾಯ್ದೆ ಇದ್ದ ಕಾಗದ ಕೊಡಸ್ತದ, ಇಲ್ಲದ ಕಾಗದ ಬರೆಸಂಗಿಲ್ಲ. ಅಲ್ಲಿ ಅಂಥ ಕಾಗದನೇ ಇಲ್ಲ.

ಯಾಕಿಲ್ಲ ಅಂತ ತಿಳ್ಕೊಳ್ಳಾಕ ಪರ್ಮಿಷನ್ ತಗೊಂಡು ಒಂದು ಪಿ.ಎಚ್.ಸಿ.ಯಾಗ ಕುಂತೆ. ಊರು ಹೇಳಂಗಿಲ್ಲ, ಅಲ್ಲಿಯವ್ರು ನಂಗ ಚಹಾ ಕೊಟ್ಟು ಕುರ್ಚಿ ಹಾಕಿ ಕುಂದ್ರಿಸ್ಯಾರ, ಅವ್ರಿಗೆ ತ್ರಾಸ್ ಆಗೋದು ಬ್ಯಾಡ. ಬಾಗಿಲ ಎದುರಿಗೆ ಬೇವಿನ ಮರ, ಅದ್ರ ಕೆಳಗ ಕಟ್ಟಿ, ಆ ಕಟ್ಟಿ ಮ್ಯಾಲ ಬೆಳಗ್ಗೆ ಒಂಬತ್ತರಿಂದ. ನೋಟ್‌ಬುಕ್‌ದಾಗ ವಾಪಸ್ ಹೋದವ್ರಿಗೆ ಒಂದೊಂದು ಗೀಟು, ನಾಲ್ಕಾದ ಮ್ಯಾಲ ಅಡ್ಡ ಗೀಟು, ನಮ್ಮಪ್ಪ ಭತ್ತದ ಚೀಲ ಎಣಿಸ್ತಾನಲ್ಲ ಹಂಗ. ಎಷ್ಟು ಗೀಟು ಆದ್ವು ಅಂತ ಇಲ್ಲಿ ಬರಿಯಂಗಿಲ್ಲ, ಒಂದೇ ಕೇಂದ್ರ, ಕೆಲವೇ ದಿನ, ಅದನ್ನ ಯಾರಾದ್ರೂ ಇಡೀ ಜಿಲ್ಲೆ ಅಂಕಿ ಅಂತ ಹಿಡಕೊಂಡು ಕುಂತ್ರ ಅದು ನಾ ಮಾಡೋ ಮೋಸ ಆಗ್ತದ. ಆದ್ರ ಅಲ್ಲಿ ಕಂಡದ್ದು ಬರಿಬಹುದು.

ಮೊದಲ ದಿನ ಡಾಕ್ಟರ್ ಇರ್ಲಿಲ್ಲ. "ನೋಡ್ರಿ ಮತ್ತ ಇಲ್ಲ" ಅಂತ ಮನಸ್ಸಿನಾಗೇ ಅಂದ್ಕೊಂಡು ಬರಕೊಂಡೆ. ಮಧ್ಯಾಹ್ನ ಸಿಸ್ಟರ್‌ನ ಕೇಳಿದ್ರ, ಹಳೇ ಹೊಡೆದಾಟದ ಕೇಸಿನಾಗ ಗಾಯದ ಸರ್ಟಿಫಿಕೇಟ್ ಕೊಟ್ಟಿದ್ದಕ್ಕ ಕೋರ್ಟ್ ಸಮನ್ಸ್ ಬಂದು ಸಾಕ್ಷಿ ಹೇಳಾಕ ಹೋಗ್ಯಾರ. ಇನ್ನೊಂದು ದಿನ ಪೋಸ್ಟ್‌ಮಾರ್ಟಮ್. ಇನ್ನೊಂದು ದಿನ ಮೀಟಿಂಗ್. ಸಹಿ ಮಾಡಿ ಮನಿಗೆ ಹೋದ ದಿನ ಒಂದೂ ಇಲ್ಲ ನಾ ಕುಂತಾಗ, ಬ್ಯಾರೆ ಕಡಿ ಅಂಥವ್ರು ಇರ್ತಾರ, ಅದು ಬ್ಯಾರೆ ಪತ್ರದ ವಿಷಯ. ಆ ಡಾಕ್ಟರ್ ಕಲಿತು ಮುಗಿಸಿ ಒಂದು ವರ್ಷದ ಕಡ್ಡಾಯ ಸೇವೆಗೆ ಬಂದವ್ರು, ನನಗಿಂತ ಎರಡು ಮೂರು ವರ್ಷ ದೊಡ್ಡವ್ರು ಅಷ್ಟೇ, ಪುಸ್ತಕ ತಗೊಂಡು ಪಿಜಿ ಎಂಟ್ರೆನ್ಸಿಗೆ ಓದ್ತಾ ರಾತ್ರಿ ಹೆರಿಗಿ ನೋಡ್ತಿದ್ರು. ಒಬ್ಬರೇ ಇದ್ದಲ್ಲಿ ಕೋರ್ಟ್ ಕರೆದ್ರ ದವಾಖಾನಿ ಬಂದ್ ಆದಂಗೇ. ಲ್ಯಾಬ್ ಟೆಕ್ನಿಷಿಯನ್ ವಾರದಾಗ ಕೆಲವು ದಿನ ಬ್ಯಾರೆ ಕೇಂದ್ರಕ್ಕ ನಿಯೋಜನೆ ಮ್ಯಾಲ ಹೋಗ್ತಾರ, ಆ ದಿನ ರಕ್ತ ಪರೀಕ್ಷೆಗೆ ಬಂದವ್ರು ಬರೇ ಹೊಟ್ಟಿಲೇ ವಾಪಸ್.

ಬಂದವ್ರೊಳಗ ಒಬ್ಬ ಮುದುಕ ನೆನಪಿದ್ದಾನ, ಬಿಪಿ ಗುಳಿಗಿ ತೀರಿದ್ವು ಅಂತ ಬಂದಿದ್ದ, ಡಾಕ್ಟರ್ ಇಲ್ಲ ಅಂದ್ರ "ಆತು ಬಿಡವ್ವ, ಹೆಂಗೂ ಬ್ಯಾನಿ ಇಲ್ಲ" ಅಂತ ಎದ್ದು ಹೋದ. ಬಿಪಿ ಗುಳಿಗಿ ಬಿಟ್ರ ಬ್ಯಾನಿ ಆಗಂಗಿಲ್ಲ, ಅದೇ ಅದ್ರ ಕೆಟ್ಟ ಗುಣ. ಇನ್ನೊಬ್ಬಾಕಿ ನಾಯಿ ಕಡಿದ ಹುಡುಗನ್ನ ಕರಕೊಂಡು ಬಂದಿದ್ಲು, ಮೂರನೇ ದಿನದ ಸೂಜಿಗೆ. ಅದೃಷ್ಟಕ್ಕ ಅವತ್ತು ಸಿಸ್ಟರೇ ಮಾಡಿ ಕಳ್ಸಿದ್ರು. ಅಕಿನೂ ವಾಪಸ್ ಹೋಗಿದ್ರ ನನ್ನ ನೋಟ್‌ಬುಕ್‌ದಾಗ ಅದೂ ಒಂದೇ ಗೀಟು ಆಗ್ತಿತ್ತು, ನೆಗಡಿಗೆ ಬಂದವ್ನದೂ ಒಂದೇ ಗೀಟು. ಅದಕ್ಕ ಬರೇ ಎಷ್ಟು ಮಂದಿ ಅಂತ ಎಣಿಸಿದ್ರ ಸಾಲದು, ಯಾತಕ್ಕ ಬಂದಿದ್ರು ಅನ್ನೋದೂ ಬೇಕು ಅಂತ ಅವತ್ತು ತಿಳೀತು.

ಈಗ ರಿಜಿಸ್ಟರ್ ಮಾತಿಗೆ ಬರ್ತೀನಿ. ಹೊರರೋಗಿ ರಿಜಿಸ್ಟರ್‌ದಾಗ ಕ್ರಮ ಸಂಖ್ಯೆ, ಹೆಸರು, ವಯಸ್ಸು, ಊರು, ಕಾಯಿಲೆ, ಕೊಟ್ಟ ಔಷಧ. ಚೀಟಿ ಆದವ್ರ ಹೆಸರು ಮಾತ್ರ ಅದ್ರೊಳಗ ಬರ್ತದ, ಡಾಕ್ಟರ್ ಇಲ್ಲದ ದಿನ ಸಿಸ್ಟರ್ ಕೈಲಾದಷ್ಟು ನೋಡ್ತಾರ, ಉಳಿದವ್ರಿಗೆ "ನಾಳಿ ಬರ್ರಿ" ಅಂತ ಬಾಯಿಲೇ ಹೇಳಿ ಕಳಸ್ತಾರ. ತಿಂಗಳಿಗೊಮ್ಮೆ ಎಚ್.ಎಂ.ಐ.ಎಸ್. ಅಂತ ಆನ್‌ಲೈನ್‌ದಾಗ ಲೆಕ್ಕ ತುಂಬ್ತಾರ, ಹೆರಿಗಿ ಎಷ್ಟು, ಲಸಿಕಿ ಎಷ್ಟು, ಶುಗರ್‌ನವ್ರು ಎಷ್ಟು, ಬಿಪಿಯವ್ರು ಎಷ್ಟು. ಅಡ್ಮಿಟ್ ಆಗಿ ಡಾಕ್ಟರ್ ಮಾತು ಕೇಳ್ದಂಗ ಎದ್ದು ಹೋದವ್ರ ಲೆಕ್ಕಕ್ಕೂ ಜಾಗ ಅದ. ಬಾಗಿಲಿಂದ್ಲೇ ಹೊಳ್ಳಿ ಹೋದವ್ರಿಗೆ ಜಾಗ ಇಲ್ಲ.

ಇದ್ರಿಂದ ಏನಾಗ್ತದ ನೋಡ್ರಿ, ನನ್ನ ಪೇಪರಿನ ಜೀವ ಇಲ್ಲೇ ಅದ. ಡಾಕ್ಟರ್ ಇಲ್ಲದ ದಿನ ಹೊರರೋಗಿ ಸಂಖ್ಯೆ ಕಡಿಮಿ ಆಗ್ತದ. ಮ್ಯಾಲ ಕುಂತು ಆ ಅಂಕಿ ನೋಡೋರಿಗೆ ಅಲ್ಲಿ ರೋಗಿಗಳೇ ಕಡಿಮಿ ಅಂತ ಕಾಣ್ತದ. ಔಷಧದ ಇಂಡೆಂಟ್, ಅಂದ್ರ ಬೇಡಿಕಿ ಪಟ್ಟಿ ಹಾಕುವಾಗ ಹೋದ ವರ್ಷ ಎಷ್ಟು ಖರ್ಚಾತು ನೋಡ್ತಾರ, ಕೊಡದ ಗುಳಿಗಿ ಖರ್ಚಾಗಂಗಿಲ್ಲ, ಮುಂದಿನ ವರ್ಷ ಹೆಚ್ಚು ಬರಂಗಿಲ್ಲ. ಹೆರಿಗಿಯಂತೂ ಇನ್ನೂ ಸೀದಾ. ಸರ್ಕಾರಿ ದವಾಖಾನಿ ಹೆಂಗಿರಬೇಕು ಅಂತ ಹೇಳೋ ಐ.ಪಿ.ಎಚ್.ಎಸ್. ಮಾನದಂಡ, 2012ರದ್ದು, ತಿಂಗಳಿಗೆ 20ಕ್ಕಿಂತ ಕಡಿಮಿ ಹೆರಿಗಿ ಆಗೋ ಕೇಂದ್ರ ಎ ನಮೂನೆ, 20 ಇಲ್ಲಾ ಅದಕ್ಕಿಂತ ಹೆಚ್ಚಾದ್ರ ಬಿ ನಮೂನೆ ಅಂತ ಮಾಡಿ, ಬಿ ನಮೂನೆಗೆ ಹೆಚ್ಚು ಸಿಬ್ಬಂದಿ ಹೇಳಿತ್ತು, 2022ಕ್ಕ ಆ ಮಾನದಂಡ ಬದಲಾತು. ಸಿಬ್ಬಂದಿ ಇಲ್ಲ ಅಂತ ಬಸುರಿಯರನ್ನ ಮುಂದಿನ ದವಾಖಾನಿಗೆ ಕಳಸ್ತಾರ, ಮುಂದಕ್ಕ ಕಳ್ಸಿದ್ದಕ್ಕ ಹೆರಿಗಿ ಕಡಿಮಿ, ಹೆರಿಗಿ ಕಡಿಮಿ ಅಂತ ಸಿಬ್ಬಂದಿ ಕೊಡಂಗಿಲ್ಲ. ಗಾಣದ ಎತ್ತು.

ಜನಸಂಖ್ಯೆ ಲೆಕ್ಕದಾಗೂ ಹಂಗೇ, ಬಯಲು ಸೀಮಿಯಾಗ 30,000 ಮಂದಿಗೆ ಒಂದು ಪಿ.ಎಚ್.ಸಿ. ಅಂತ ಮಾನದಂಡ. ಕಾಗದದ ಮ್ಯಾಲ ಕೇಂದ್ರ ಇದ್ರ ಮಾನದಂಡ ಮುಟ್ಟಿದಂಗ, ಬಾಗಿಲು ಎಷ್ಟು ದಿನ ತೆರೆದಿತ್ತು ಅಂತ ಮಾನದಂಡ ಕೇಳಂಗಿಲ್ಲ.

ಇನ್ನೊಂದು ಮುಖ್ಯ ಮಾತು ಸರ್ಕಾರದ ಆರೋಗ್ಯ ಯೋಜನೆ ಕಾರ್ಡಿಂದು. 2010ರಾಗ ವಾಜಪೇಯಿ ಆರೋಗ್ಯಶ್ರೀ ರಾಜ್ಯದಾಗ ಮೊದಲು ಸುರು ಆಗಿದ್ದೇ ನಮ್ಮ ಕಲಬುರಗಿ ವಿಭಾಗದಿಂದ, ಆಮ್ಯಾಲ ಮಾರ್ಚ್ 2018ಕ್ಕ ಆರೋಗ್ಯ ಕರ್ನಾಟಕ, ಅದೇ ವರ್ಷ ಅಕ್ಟೋಬರ್‌ದಾಗ ಆಯುಷ್ಮಾನ್ ಭಾರತ್ ಜೊತಿಗೆ ಕೂಡಿಸಿದ್ರು, ಬಿಪಿಎಲ್ ಮನಿತನಕ್ಕ ವರ್ಷಕ್ಕ 5 ಲಕ್ಷ ತನಕ ಚಿಕಿತ್ಸೆ ಖರ್ಚು, ಎಪಿಎಲ್‌ನವ್ರಿಗೆ ಪ್ಯಾಕೇಜ್ ದರದ ಶೇ 30. ಐದು ಲಕ್ಷ ಅಂದ್ರ ನಮ್ಮೂರಾಗ ಕಣ್ಣು ದೊಡ್ಡದಾಗ್ತಾವ. ಆದ್ರ ತುರ್ತು ಬಿಟ್ಟು ಉಳಿದದ್ದಕ್ಕೆಲ್ಲ ಮೊದಲು ಸರ್ಕಾರಿ ದವಾಖಾನಿಗೆ ಹೋಗಬೇಕು, ಅಲ್ಲಿ ಆಗಂಗಿಲ್ಲ ಅಂದ್ರ ಅವ್ರು ರೆಫರಲ್ ಚೀಟಿ ಕೊಡಬೇಕು, ಆ ಚೀಟಿ ಇದ್ರ ಮಾತ್ರ ಯೋಜನೆಯೊಳಗಿರೋ ಪ್ರೈವೇಟ್ ಆಸ್ಪತ್ರಿಯಾಗ ಕಾರ್ಡ್ ನಡೀತದ. ನಿಯಮ ತಪ್ಪಲ್ಲ, ಸೀದಾ ಪ್ರೈವೇಟಿಗೆ ಬಿಟ್ರ ಬೇಕಾಗಿದ್ದು ಬ್ಯಾಡಾಗಿದ್ದು ಎಲ್ಲಾ ಆಪರೇಷನ್ ಆಗ್ತಾವ ಅನ್ನೋ ಅಂಜಿಕಿ ಖರೇನೇ ಅದ. ಆದ್ರ ಮೊದಲನೇ ಬಾಗಿಲಾಗ ಡಾಕ್ಟರ್ ಸಿಗದವ್ರಿಗೆ ಚೀಟಿ ಯಾರು ಕೊಡಬೇಕು? ನಮ್ಮ ದೊಡ್ಡವ್ವನ ಕಾರ್ಡ್ ಇವತ್ತಿಗೂ ಟ್ರಂಕಿನಾಗ ಪ್ಲಾಸ್ಟಿಕ್ ಕವರ್‌ದಾಗ ಹೊಸಾದು ಇದ್ದಂಗೇ ಅದ, ಒಂದು ರೂಪಾಯಿ ಖರ್ಚಾಗಿಲ್ಲ. ಸರ್ಕಾರದ ಲೆಕ್ಕದಾಗ ಅಕಿ ಕಾಯಿಲೆನೇ ಬೀಳದ ಫಲಾನುಭವಿ.

ವಾಪಸ್ ಹೋದವ್ರು ಎಲ್ಲಿ ಹೋಗ್ತಾರ ಅಂದ್ರ ಎಲ್ಲಾರಿಗೂ ಗೊತ್ತಿದ್ದದ್ದೇ, ಊರಾಗಿನ ಆರ್‌ಎಂಪಿ ಹತ್ರ, ಅಂದ್ರ ಡಿಗ್ರಿ ಇಲ್ಲದ ಡಾಕ್ಟರ್ ಹತ್ರ. ಅವ್ನು ರಾತ್ರಿ ಎಂಟಕ್ಕೂ ಸಿಗ್ತಾನ, ಉದ್ರಿ ಕೊಡ್ತಾನ, ಸುಸ್ತು ಅಂದ್ರ ಸಲೈನ್ ಹಚ್ಚಿ ಮಲಗಿಸ್ತಾನ. ನೋಂದಣಿ ಇಲ್ಲದ ಕ್ಲಿನಿಕ್ ನಡಿಸೋದು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಅಪರಾಧ, ಆಗಾಗ ರೇಡ್ ಆಗ್ತದ, ನಿಮ್ಮ ಪೇಪರ್‌ದಾಗೂ ಬರ್ತದ, ಒಂದು ವಾರ ಬೀಗ, ಆಮ್ಯಾಲ ಮತ್ತ ಅದೇ ಮಂಚ. ನಾ ಅವ್ರ ಪರ ಇಲ್ಲ. ಆದ್ರ ಅವ್ನ ಮಂಚದ ಮ್ಯಾಲ ಮಲಗಿದವ್ರು ಬೆಳಗ್ಗೆ ಎಲ್ಲಿಂದ ವಾಪಸ್ ಬಂದಿದ್ರು ಅಂತ ರೇಡ್ ಮಾಡೋರು ಒಂದು ಸಲ ಕೇಳ್ಲಿ.

ಇದಕ್ಕ ಒಂದು ಮಾತು ಬರ್ತದ, ಮೇಡಂನೂ ಅದನ್ನೇ ಕೇಳಿದ್ರು: ಎನ್.ಎಫ್.ಎಚ್.ಎಸ್. ಅಂದ್ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೆಯಾಗ ಸರ್ಕಾರಿ ಆಸ್ಪತ್ರಿಗೆ ಯಾಕ ಹೋಗಂಗಿಲ್ಲ ಅಂತ ಕೇಳ್ತಾರಲ್ಲ? ಹೌದು ಕೇಳ್ತಾರ, ಹತ್ರ ಇಲ್ಲ, ಟೈಮ್ ಸರಿ ಇಲ್ಲ, ಸಿಬ್ಬಂದಿ ಇರಂಗಿಲ್ಲ, ಬಾಳ ಹೊತ್ತು ಕಾಯಬೇಕು, ಚಿಕಿತ್ಸೆ ಛಲೋ ಇಲ್ಲ ಅಂತ ಕಾರಣಗಳೂ ಅದಾವ. ಆ ಸರ್ವೆ ದೊಡ್ಡ ಕೆಲಸ, ನಂಗ ಬಾಳ ಉಪಯೋಗಕ್ಕ ಬಂದದ, ಕರ್ನಾಟಕದಾಗ ಶೇ 97 ಹೆರಿಗಿ ಆಸ್ಪತ್ರಿಯಾಗೇ ಆಗ್ತಾವ, ಆದ್ರೂ 15ರಿಂದ 49 ವಯಸ್ಸಿನ ಹೆಣ್ಮಕ್ಕಳೊಳಗ ಶೇ 47.8 ಮಂದಿಗೆ ರಕ್ತ ಕಡಿಮಿ ಅಂತ 2019-21ರ ಸರ್ವೆ ಹೇಳಿದ್ದನ್ನ ನಾ ಮೊದಲನೇ ಪುಟದಾಗೇ ಹಾಕೀನಿ. ಆದ್ರ ಅದು ಸ್ಯಾಂಪಲ್ ಮನಿಗಳ ಸರ್ವೆ, ಹಲವು ವರ್ಷಕ್ಕೊಮ್ಮೆ. ಈ ಕಾರಣದ ಪ್ರಶ್ನೆ ಜಿಲ್ಲಾ ಫ್ಯಾಕ್ಟ್‌ಶೀಟಿಗೇ ಇಳಿಯಂಗಿಲ್ಲ, ಇನ್ನ ನಮ್ಮೂರ ಪಿ.ಎಚ್.ಸಿ.ಯಾಗ ಹೋದ ಮಂಗಳವಾರ ಏನಾತು ಅಂತ ಅದು ಹೆಂಗ ಹೇಳ್ತದ?

ಎಣಿಸಿದ್ರ ಏನು ಬರ್ತದ ಅಂತ ಕೇಳೋರಿಗೆ ತಾಯಂದಿರ ಸಾವಿನ ಲೆಕ್ಕ ತೋರಿಸ್ತೀನಿ. ಕರ್ನಾಟಕದಾಗ ಒಂದು ಲಕ್ಷ ಜೀವಂತ ಜನನಕ್ಕ 2004-06ರಾಗ 213 ತಾಯಂದಿರು ತೀರ್ಕೊತಿದ್ರು, 2018-20ಕ್ಕ ಅದು 69. ಆಶಾ, 108, ತಾಯಿ ಕಾರ್ಡ್, ದವಾಖಾನಿ ಹೆರಿಗಿ, ಎಲ್ಲಾ ಕೂಡಿ ಆಗಿದ್ದು. ಅದ್ರಾಗ ಇದೂ ಒಂದು, ಒಂದೊಂದು ಸಾವಿಗೂ ಫಾರ್ಮ್ ಅದ, ಯಾವ ಟೈಮಿಗೆ ಬಂದ್ಲು, ಎಲ್ಲಿಂದ ಕಳ್ಸಿದ್ರು, ಎಷ್ಟು ತಡ ಆತು ಅಂತ ಬರೀಬೇಕು, ಉತ್ತರ ಕೊಡಬೇಕು. 2024ರ ನವೆಂಬರ್‌ದಾಗ ಬಳ್ಳಾರಿಯೊಳಗ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದ ಒಬ್ಬರು ತೀರಿಕೊಂಡಾಗ ಏರಿಸಿದ ದ್ರಾವಣದ ತನಕ ಪ್ರಶ್ನೆ ಹೋತು. ಆ ಹೆಣ್ಮಕ್ಕಳು ಹೊಳ್ಳಿ ಬರಂಗಿಲ್ಲ, ಆದ್ರ ಕೇಳೋಕ ಒಂದು ಕಾಗದ ಇತ್ತು. ವಾಪಸ್ ಹೋದವ್ರು ಮನಿಯಾಗ ಮೂರು ತಿಂಗಳ ಮ್ಯಾಲ ಸತ್ರ ಕೇಳಾಕ ಕಾಗದನೂ ಇಲ್ಲ.

ಏಮ್ಸ್ ರಾಯಚೂರಿಗೇ ಬೇಕು ಅಂತ 2022ರಿಂದ ಧರಣಿ ಕುಂತ ಹಿರಿಯರ ಟೆಂಟಿಗೆ ನಾನೂ ಹೋಗಿ ಕುಂತು ಬಂದೀನಿ. ಬರ್ಲಿ, ಬರಬೇಕು. ಸಿಂಧನೂರಿಂದ ರಾಯಚೂರಿಗೆ ಹೋದ್ರೂ ಬಳ್ಳಾರಿಗೆ ಹೋದ್ರೂ ಹತ್ತತ್ರ 90 ಕಿಲೋಮೀಟರ್, ನಡುಬರಕ ಇರೋರು ನಾವು. ಆದ್ರ ಬಿಪಿ ಗುಳಿಗಿ ಮುದುಕ ಏಮ್ಸಿಗೆ ಹೋಗಂಗಿಲ್ರಿ, ಅವ್ನು ಬೇವಿನ ಮರದ ತನಕನೇ ಬರೋನು.

ಪೇಪರ್ ಎಲ್ಲಿಗೆ ಬಂತು ಅಂತ ಕೇಳಿದ್ರ, ಎರಡು ಅಧ್ಯಾಯ ಮುಗಿದಾವ, ಮೂರನೇದು ಅರ್ಧ. ಇಂಗ್ಲಿಷ್‌ದಾಗ ಬರದ್ರ ಜರ್ನಲ್ಲಿಗೆ ಹೋಗ್ತದ ಅಂತಾರ, ನಾ ಕನ್ನಡದಾಗ ಬರ್ಯಾಕತ್ತೀನಿ. ಯಾಕಂದ್ರ 1983, 2002, 2017, ಮೂರು ನೀತಿನೂ ನಂಗ ಓದಾಕ ಸಿಕ್ಕಿದ್ದು ಇಂಗ್ಲಿಷ್‌ದಾಗೇ, ನೀತಿ ಯಾರಿಗೆ ಸಂಬಂಧ ಅದನೋ ಅವ್ರ ಭಾಷಿಯಾಗ ಒಂದು ಪೇಪರ್ ಆದ್ರೂ ಇರ್ಲಿ. ಔಟ್ ಆಫ್ ಪಾಕೆಟ್ ಅನ್ನೋದಕ್ಕ ಪುಸ್ತಕದಾಗ ಏನೇನೋ ಶಬ್ದ ಅದಾವ, ನಾ "ಕೈಯಿಂದ ಹಾಕಿದ ರೊಕ್ಕ" ಅಂತ ಬರದೆ, ಮೇಡಂ ಕೆಂಪು ಪೆನ್‌ಲೆ ಸುತ್ತು ಹಾಕಿ ಪಕ್ಕಕ್ಕ "ಇರಲಿ" ಅಂತ ಬರದಾರ.

ನನ್ನ ಬೇಡಿಕಿ ದೊಡ್ಡದಲ್ರಿ. ಹೊಸ ಆ್ಯಪ್ ಬ್ಯಾಡ, ಆಶಾ ಅಕ್ಕಂದಿರ ಮೊಬೈಲ್‌ದಾಗ ಈಗಿದ್ದ ಆ್ಯಪ್‌ಗಳೇ ಸಾಕಾಗ್ಯಾವ, ಅವ್ರಿಗೆ ಕೊಡೋ ಗೌರವಧನದಾಗ ಇನ್ನೊಂದು ಕೆಲಸ ಹಚ್ಚೋದು ಪಾಪ. ಪಿ.ಎಚ್.ಸಿ. ಬಾಗಿಲಾಗ ಒಂದು ನೂರು ಪುಟದ ನೋಟ್‌ಬುಕ್ ಸಾಕು. ತಾರೀಖು, ಊರು, ಯಾತಕ್ಕ ಬಂದಿದ್ರು, ಯಾಕ ವಾಪಸ್ ಹೋದ್ರು. ಹೆಸರು ಬ್ಯಾಡ, ಫೋನ್ ನಂಬರ್ ಬ್ಯಾಡ. ಪ್ರತಿ ಕೇಂದ್ರಕ್ಕ ಆರೋಗ್ಯ ರಕ್ಷಾ ಸಮಿತಿ ಅಂತ ಅದ, ಊರಿಗೊಂದು ಗ್ರಾಮ ಆರೋಗ್ಯ ಸಮಿತಿ ಅದ, ಅವ್ರ ಮೀಟಿಂಗಿನಾಗ ತಿಂಗಳಿಗೊಮ್ಮೆ ಆ ನೋಟ್‌ಬುಕ್ ಓದ್ಲಿ. ಅದ್ರಾಗ "ಡಾಕ್ಟರ್ ಕೋರ್ಟಿಗೆ ಹೋಗಿದ್ರು" ಅಂತ ಹತ್ತು ಸಲ ಬಂದ್ರ ಅದು ಡಾಕ್ಟರ್ ಮ್ಯಾಲ ಚಾಡಿ ಆಗಂಗಿಲ್ಲ, ಇನ್ನೊಬ್ಬ ಡಾಕ್ಟರ್ ಕೊಡ್ರಿ ಅಂತ ಕೇಳಾಕ ಅವ್ರ ಕೈಯಾಗಿರೋ ಪುರಾವೆ ಆಗ್ತದ. ಇದನ್ನ ಆ ಸಿಸ್ಟರಿಗೆ ಹೇಳಿದಾಗ ಮೊದಲು ನಕ್ರು, "ನಮ್ಮ ತಪ್ಪು ನಾವೇ ಬರೆದಿಡಬೇಕೇನು?" ಅಂದ್ರು. ಆಮ್ಯಾಲ ಸ್ವಲ್ಪ ಹೊತ್ತು ಬಿಟ್ಟು, ಲ್ಯಾಬಿನವ್ರು ನಿಯೋಜನೆ ಮ್ಯಾಲ ಹೋದ ದಿನದ್ದು ಮಾತ್ರ ಬರೆದಿಟ್ರ ನಡೀತದೇನು ಅಂತ ಕೇಳಿದ್ರು. ನಡೀತದ ಅಂದೀನಿ.

ಇನ್ನ ನಿಮಗ ಒಂದು ವಿನಂತಿ. ಮುಂದಿನ ಸಲ ಹೊರರೋಗಿ ಸಂಖ್ಯೆ ಏರ್ಯದ ಅಂತ ಪ್ರಕಟಣೆ ಬಂದಾಗ, ನಿಮ್ಮ ವರದಿಗಾರರು ಅಧಿಕಾರಿಗಳಿಗೆ ಎರಡನೇ ಪ್ರಶ್ನೆನೂ ಕೇಳ್ಲಿ. ಉತ್ತರ ಲಭ್ಯವಿಲ್ಲ ಅಂದ್ರ ಆ ಸಾಲನ್ನೇ ಸುದ್ದಿ ಕೆಳಗ ಹಾಕ್ರಿ.

ಇಂತಿ,
ಒಬ್ಬ ಎಂ.ಎ. ವಿದ್ಯಾರ್ಥಿನಿ
ಸಿಂಧನೂರು ತಾಲೂಕು, ರಾಯಚೂರು ಜಿಲ್ಲೆ